ನಾಲ್ಕು ಸ್ಟಾಪ್ ಬೋರ್ಡ್ ತೆಗೆದು ಪುಟ್ಟ ರೌಂಡ್‌ಅಬೌಟ್ ಮಾಡುತ್ತಾರಂತೆ, ಒಪ್ಪಬಹುದೇ?

ಪ್ರಶ್ನೆ: ನಾವು ಮೈಸೂರಿನವರು, ಈಗ ಮಿಶಿಗನ್‌ನ ಒಂದು ಚಿಕ್ಕ ಊರಿನಲ್ಲಿದ್ದೇವೆ. ಮನೆ ಹತ್ತಿರ ನಾಲ್ಕು ರಸ್ತೆ ಕೂಡುವ ಕಡೆ ನಾಲ್ಕೂ ದಿಕ್ಕಿಗೆ ಸ್ಟಾಪ್ ಬೋರ್ಡ್ ಇದೆ. ಅದನ್ನು ತೆಗೆದು ಮಿನಿ ರೌಂಡ್‌ಅಬೌಟ್ (ನಡುವೆ ಪುಟ್ಟ ದುಂಡು ದ್ವೀಪ, ಗಾಡಿಗಳು ಅದನ್ನು ಸುತ್ತಿಕೊಂಡು ಹೋಗುವ ಜಂಕ್ಷನ್) ಮಾಡುತ್ತೇವೆ, ಗಾಯದ ಅಪಘಾತ ಶೇ. 80ಕ್ಕಿಂತ ಜಾಸ್ತಿ ಇಳಿಯುತ್ತದೆ ಎಂದು ಸಿಟಿಯವರು ಕರಪತ್ರ ಹಂಚಿದ್ದಾರೆ. ಮಗಳು ಅಲ್ಲೇ ದಾಟಿ ಶಾಲೆಗೆ ಹೋಗುತ್ತಾಳೆ. ಅಪ್ಪ-ಅಮ್ಮ ಬಂದಾಗ ಅವರ ವಾಕಿಂಗ್ ಕೂಡ ಅಲ್ಲೇ. ಈಗ ಗಾಡಿಗಳು ನಿಲ್ಲುತ್ತವೆ. ನಾಳೆ ಯಾರೂ ನಿಲ್ಲದೇ ಹೋದರೆ? ನಮ್ಮೂರಿನ ಸರ್ಕಲ್‌ಗಳ ನೂಕಾಟ ನೋಡಿದವರಿಗೆ ಇದು ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ. ಮುಂದಿನ ತಿಂಗಳು ಸಾರ್ವಜನಿಕ ಸಭೆ ಇದೆ. ಏನು ಹೇಳಲಿ?

ಉತ್ತರ: ಒಪ್ಪಿಕೊಳ್ಳಿ ಎಂದೇ ನನ್ನ ಸಲಹೆ. ಆದರೆ ಕರಪತ್ರ ನೋಡಿ ಒಪ್ಪಬೇಡಿ, ಡ್ರಾಯಿಂಗ್ ನೋಡಿ ಒಪ್ಪಿ. ಮಿನಿ ರೌಂಡ್‌ಅಬೌಟ್ ಕೆಲಸ ಮಾಡುವುದೂ ಕೆಡುವುದೂ ಕೆಲವೇ ಅಡಿಗಳ ಲೆಕ್ಕದಲ್ಲಿ.

ಮೊದಲು ಆ ಶೇ. 80ರ ವಿಷಯ ಮುಗಿಸೋಣ. ಸಭೆಯಲ್ಲಿ ಅರ್ಧ ಹೊತ್ತು ಅದರ ಮೇಲೇ ಜಗಳ ಆಗುತ್ತದೆ. ಅಮೆರಿಕದ ಫೆಡರಲ್ ಹೈವೇ ಅಡ್ಮಿನಿಸ್ಟ್ರೇಷನ್ ಹೇಳುವ ಸಂಖ್ಯೆ ಶೇ. 82. ಅದು ಸುಳ್ಳಲ್ಲ. ಆದರೆ ಅದು ಎರಡು ಕಡೆ ಮಾತ್ರ ಸ್ಟಾಪ್ ಇದ್ದ ಜಂಕ್ಷನ್‌ಗಳನ್ನು ರೌಂಡ್‌ಅಬೌಟ್ ಮಾಡಿದಾಗ ಸಾವು-ಗಾಯದ ಅಪಘಾತ ಎಷ್ಟು ಇಳಿಯಿತು ಎಂಬ ಲೆಕ್ಕ. ಅಂಥ ಜಾಗದಲ್ಲಿ ದೊಡ್ಡ ರಸ್ತೆಯವರು ನಿಲ್ಲುವುದೇ ಇಲ್ಲ. ಅಡ್ಡರಸ್ತೆಯವರು ನಿಂತು, ನೋಡಿ, ಅಂದಾಜು ಮಾಡಿ ನುಗ್ಗಬೇಕು. ಅಂದಾಜು ತಪ್ಪಿದರೆ ವೇಗವಾಗಿ ಬಂದ ಗಾಡಿ ನೇರ ಬಾಗಿಲಿಗೇ ಗುದ್ದುತ್ತದೆ. ಎದುರಿನಿಂದ ಗುದ್ದಿದರೆ ಬಾನೆಟ್, ಇಂಜಿನ್ ಎಲ್ಲ ಅಡ್ಡ ಇರುತ್ತವೆ. ಪಕ್ಕದಿಂದ ಗುದ್ದಿದರೆ ಕೂತವರಿಗೂ ಬಂಪರ್‌ಗೂ ನಡುವೆ ಇರುವುದು ಬಾಗಿಲೊಂದೇ. ಜನ ಸಾಯುವುದು ಇಂಥ ಗುದ್ದಿನಲ್ಲಿ. ರೌಂಡ್‌ಅಬೌಟ್ ಬಂದರೆ ಈ ಬಗೆಯ ಗುದ್ದು ಬಹುತೇಕ ಇಲ್ಲವಾಗುತ್ತದೆ. ಅದಕ್ಕೇ ಅಷ್ಟು ದೊಡ್ಡ ಇಳಿಕೆ.

ನಿಮ್ಮದು ನಾಲ್ಕೂ ಕಡೆ ಸ್ಟಾಪ್ ಇರುವ ಜಾಗ. ಅಲ್ಲಿ ವೇಗ ಮೊದಲೇ ಕಡಿಮೆ. ಅಮೆರಿಕದ 55 ಜಂಕ್ಷನ್‌ಗಳ ಹಿಂದು-ಮುಂದಿನ ಅಪಘಾತ ಲೆಕ್ಕ ಹಾಕಿದ ದೊಡ್ಡ ವರದಿಯೊಂದು 2007ರಲ್ಲಿ ಬಂತು. ನ್ಯಾಷನಲ್ ಕೋಆಪರೇಟಿವ್ ಹೈವೇ ರಿಸರ್ಚ್ ಪ್ರೋಗ್ರಾಮ್‌ನ 572ನೇ ವರದಿ. ಎಲ್ಲ ಸೇರಿಸಿ ನೋಡಿದರೆ ಗಾಯದ ಅಪಘಾತ ಶೇ. 76ರಷ್ಟು ಇಳಿದಿತ್ತು. ಆದರೆ ಎಲ್ಲ ದಿಕ್ಕಿಗೂ ಸ್ಟಾಪ್ ಇದ್ದ ಜಾಗಗಳನ್ನು ಬೇರೆ ಮಾಡಿ ನೋಡಿದಾಗ, ಖಚಿತವಾಗಿ ಹೇಳುವಂಥ ಇಳಿಕೆ ಸಿಗಲಿಲ್ಲ. ಇನ್ನೊಂದು ವಿಷಯ, ಆ ವರದಿಯಲ್ಲಿದ್ದವು ಮಾಮೂಲಿ ಅಳತೆಯ ರೌಂಡ್‌ಅಬೌಟ್‌ಗಳು, ಮಿನಿ ಅಲ್ಲ. ಹಾಗಾಗಿ ಆ ಕರಪತ್ರದ ಸಂಖ್ಯೆಯನ್ನು ನಿಮ್ಮ ಬೀದಿಗೆ ತಂದು ಅಂಟಿಸುವುದು ಸರಿಯಲ್ಲ. ಸಭೆಯಲ್ಲಿ ಇದನ್ನು ಮರ್ಯಾದೆಯಿಂದ ಕೇಳಿ. ಒಳ್ಳೆಯ ಇಂಜಿನಿಯರ್ ಆದರೆ ತಕ್ಷಣ ಒಪ್ಪಿಕೊಳ್ಳುತ್ತಾರೆ. ಸಮರ್ಥಿಸಲು ಹೊರಟರೆ ಡ್ರಾಯಿಂಗ್ ಅನ್ನು ಇನ್ನೂ ಹುಷಾರಾಗಿ ನೋಡಿ.

ಹಾಗಿದ್ದ ಮೇಲೆ ಯಾಕೆ ಒಪ್ಪಬೇಕು ಅಂತೀರಾ? ಒಂದು ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಅರ್ಧ ಗಂಟೆ ಆ ಮೂಲೆಯಲ್ಲಿ ನಿಲ್ಲಿ. ಗಾಡಿ ನೋಡಬೇಡಿ, ಚಕ್ರ ನೋಡಿ. ಮುಂದಿನ ಚಕ್ರದ ಮಧ್ಯದ ಬಿಲ್ಲೆ ಪೂರ್ತಿ ನಿಂತಿತಾ, ಇಲ್ಲಾ ನಿಧಾನಕ್ಕೆ ತಿರುಗುತ್ತಲೇ ಇತ್ತಾ? ಎದುರಿಗೆ ಯಾರೂ ಇಲ್ಲದಾಗ ಬಹಳ ಜನ ಪೂರ್ತಿ ನಿಲ್ಲುವುದಿಲ್ಲ. ಬೇರೆ ಗಾಡಿ ಇದ್ದರಷ್ಟೇ ನಿಲ್ಲುತ್ತಾರೆ. ಆಗಲೂ ಅವರ ಕಣ್ಣು ಎಲ್ಲಿರುತ್ತದೆ ಗಮನಿಸಿ. ಯಾರು ಮೊದಲು ಬಂದರು, ಈಗ ಯಾರ ಸರದಿ ಎಂದು ಬೇರೆ ಮೂರು ಗಾಡಿಗಳ ಮೇಲೆ ಇರುತ್ತದೆ. ಫುಟ್‌ಪಾತ್ ತುದಿಯಲ್ಲಿ ನಿಂತ ಮಗುವಿನ ಮೇಲೆ ಅಲ್ಲ. ಸರದಿ ಸಿಕ್ಕ ಕೂಡಲೇ ಎಕ್ಸಲರೇಟರ್ ಒತ್ತುತ್ತಾರೆ. ಕಳೆದ ಸಮಯವನ್ನು ಮುಂದಿನ ಬೀದಿಯಲ್ಲಿ ಹಿಡಿಯುವ ಆತುರ. ಅಮೆರಿಕದ ರಸ್ತೆ ಬೋರ್ಡ್‌ಗಳ ರಾಷ್ಟ್ರೀಯ ಕೈಪಿಡಿಯೇ ಹೇಳುತ್ತದೆ, ವೇಗ ಇಳಿಸಲು ಸ್ಟಾಪ್ ಬೋರ್ಡ್ ಬಳಸಬೇಡಿ ಎಂದು. ಆದರೂ ಊರೂರಿನಲ್ಲಿ ಜನರ ಒತ್ತಾಯಕ್ಕೆ ಅದನ್ನೇ ಹಾಕುತ್ತಾರೆ.

ಮಿನಿ ರೌಂಡ್‌ಅಬೌಟ್ ಚೆನ್ನಾಗಿ ಕಟ್ಟಿದ್ದರೆ ನೇರ ಹೋಗುವವರೂ ಸ್ಟೀರಿಂಗ್ ತಿರುಗಿಸಲೇಬೇಕು. ಸ್ಟೀರಿಂಗ್ ತಿರುಗಿಸಬೇಕಾದರೆ ವೇಗ ಇಳಿಸಲೇಬೇಕು. ಬೆಳಿಗ್ಗೆ ಎಂಟಕ್ಕೂ ಅಷ್ಟೇ, ಮಧ್ಯರಾತ್ರಿಗೂ ಅಷ್ಟೇ. ಪೊಲೀಸ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಚಾಲಕರ ಮನಸ್ಸಿನ ಮೇಲೆ ಬಿಟ್ಟದ್ದನ್ನು ರಸ್ತೆಯ ಆಕಾರ ಮಾಡಿಸುತ್ತದೆ. ನಾನು ಇದರ ಪರ ನಿಲ್ಲುವುದು ಈ ಒಂದೇ ಕಾರಣಕ್ಕೆ. ಉಳಿದದ್ದೆಲ್ಲ ಇದಕ್ಕೆ ಸೇರಿಕೊಂಡದ್ದು.

ಗಾಡಿ ಗಾಡಿ ಎದುರಾಗುವ ಜಾಗಗಳನ್ನೇ ಎಣಿಸಿ. ನಾಲ್ಕು ರಸ್ತೆ ಕೂಡುವ ಮಾಮೂಲಿ ಜಂಕ್ಷನ್‌ನಲ್ಲಿ ಅಂಥವು 32. ಅದರಲ್ಲಿ 16 ಕಡೆ ಒಬ್ಬರ ದಾರಿಯನ್ನು ಇನ್ನೊಬ್ಬರು ಅಡ್ಡ ದಾಟುತ್ತಾರೆ. ಒಂದೇ ಲೇನ್‌ನ ರೌಂಡ್‌ಅಬೌಟ್‌ನಲ್ಲಿ ಒಟ್ಟು 8. ನಾಲ್ಕು ಸೇರುವ ಕಡೆ, ನಾಲ್ಕು ಹೊರಬೀಳುವ ಕಡೆ. ಅಡ್ಡ ದಾಟುವುದು ಸೊನ್ನೆ.

ವೇಗದ ಮಾತು ಇನ್ನೂ ಮುಖ್ಯ. ಅಮೆರಿಕನ್ ಆಟೋಮೊಬೈಲ್ ಅಸೋಸಿಯೇಷನ್‌ನ ಸುರಕ್ಷತಾ ಪ್ರತಿಷ್ಠಾನ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಡೆಯುವವರಿಗೆ ಗಾಡಿ ಗುದ್ದಿದಾಗ ಸಾಯುವ ಸಂಭವ ಗಂಟೆಗೆ 23 ಮೈಲಿ ವೇಗದಲ್ಲಿ ಸರಾಸರಿ ಶೇ. 10. 32 ಮೈಲಿಗೆ ಶೇ. 25. 42 ಮೈಲಿಗೆ ಶೇ. 50. ವಯಸ್ಸಾದವರಿಗೆ ಈ ಅಪಾಯ ಇನ್ನೂ ಜಾಸ್ತಿ. ಸರಿಯಾದ ಮಿನಿ ರೌಂಡ್‌ಅಬೌಟ್‌ನಲ್ಲಿ ಗಾಡಿ ಹೋಗುವುದು 15ರಿಂದ 20 ಮೈಲಿಯಲ್ಲಿ, ಅಂದರೆ ಗಂಟೆಗೆ 25-30 ಕಿಲೋಮೀಟರ್ ಆಸುಪಾಸು. ಈಗಿನ ಸ್ಥಿತಿಯಲ್ಲಿ ಸ್ಟಾಪ್ ಬೋರ್ಡ್ ನೋಡದೇ ಬಂದವರ ವೇಗ ಎಷ್ಟಿರುತ್ತದೆ, ಯೋಚಿಸಿ. ನೂರರಲ್ಲಿ ತೊಂಬತ್ತೊಂಬತ್ತು ಜನ ನಿಲ್ಲಬಹುದು. ಉಳಿದ ಆ ಒಬ್ಬರಿಗೆ ಅಲ್ಲಿ ಯಾವ ತಡೆಯೂ ಇಲ್ಲ.

ಕಾಯುವುದೂ ಕಡಿಮೆಯಾಗುತ್ತದೆ. ದಿನಕ್ಕೆ 6,000 ಗಾಡಿ ಹೋಗುತ್ತವೆ ಅಂತಿಟ್ಟುಕೊಳ್ಳಿ. ಪ್ರತಿಯೊಂದೂ ನಿಯಮದಂತೆ ನಿಂತರೆ ವರ್ಷಕ್ಕೆ ಸುಮಾರು 22 ಲಕ್ಷ ಸಲ ನಿಂತು ಹೊರಡಬೇಕು. ಯಾರೂ ಇಲ್ಲದ ರಾತ್ರಿ ಸುಮ್ನೆ ನಿಲ್ಲುವುದೂ ಅದರಲ್ಲಿ ಸೇರಿದೆ. ಕಾನ್ಸಾಸ್ ರಾಜ್ಯದ 11 ಜಂಕ್ಷನ್‌ಗಳಲ್ಲಿ ರೌಂಡ್‌ಅಬೌಟ್ ಬಂದ ಮೇಲೆ ಕಾಯುವ ಸಮಯ ಸರಾಸರಿ ಶೇ. 65, ಗಾಡಿ ನಿಲ್ಲುವುದು ಶೇ. 52 ಇಳಿಯಿತು. ಮೂಲೆ ಮನೆಯವರಿಗೆ ಇದು ದಿನವೂ ಕಿವಿಗೆ ಗೊತ್ತಾಗುತ್ತದೆ.

ಈಗ ನಮ್ಮೂರಿನ ಸರ್ಕಲ್ ವಿಷಯ. ಮೈಸೂರಿನ ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್ ನೋಡಿ ಬೆಳೆದವರಿಗೆ ಈ ಹೆದರಿಕೆ ಸಹಜ. ಆದರೆ ನಡುವೆ ದುಂಡಗೆ ಏನೋ ಇದ್ದ ಮಾತ್ರಕ್ಕೆ ಅದು ರೌಂಡ್‌ಅಬೌಟ್ ಆಗುವುದಿಲ್ಲ. ನ್ಯೂಯಾರ್ಕ್‌ನ ಕೊಲಂಬಸ್ ಸರ್ಕಲ್‌ನಲ್ಲಿ ಗಾಡಿಗಳು ಸುತ್ತು ಹಾಕಲು ಶುರು ಮಾಡಿದ್ದು 1905ರಲ್ಲಿ. ಅಲ್ಲಿಂದ ದಶಕಗಳ ಕಾಲ ಅಮೆರಿಕ, ಬ್ರಿಟನ್ ಎರಡೂ ಕಡೆ ಸರ್ಕಲ್‌ಗಳು ಜಾಮ್ ಆಗುತ್ತಲೇ ಇದ್ದವು. ಒಳಗೆ ಬರುವವರಿಗೆ ಒಳಗಿರುವವರು ದಾರಿ ಬಿಡಬೇಕಿತ್ತು, ಇಲ್ಲಾ ಯಾವ ನಿಯಮವೂ ಗಟ್ಟಿ ಇರಲಿಲ್ಲ. ಒಳಗಿದ್ದವರು ನಿಂತರೆ ಹೊರಗೆ ಹೋಗುವ ಬಾಯಿ ಮುಚ್ಚುತ್ತದೆ. ಹೊಸಬರು ಮತ್ತೆ ಒಳಗೆ ತುಂಬಿಕೊಳ್ಳುತ್ತಾರೆ. ಸುತ್ತಲೂ ಕಟ್ಟಿಕೊಳ್ಳುತ್ತದೆ. 1966ರ ನವೆಂಬರ್‌ನಲ್ಲಿ ಬ್ರಿಟನ್ ಒಂದು ನಿಯಮ ತಂದಿತು: ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಟ್ಟೇ ಹೊಸಬರು ಬರಬೇಕು. ಅಷ್ಟೇ. ಜಾಮ್ ಬಿಚ್ಚಿಕೊಂಡಿತು. ಸರದಿ ಕಾಯುವ ಜಾಗ ಹೊರಗೆ ಹೋದ ಮೇಲೆ ಸರ್ಕಲ್ ದೊಡ್ಡದಿರುವ ಅಗತ್ಯವೂ ಹೋಯಿತು. ಅಲ್ಲಿನ ರಸ್ತೆ ಸಂಶೋಧನಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ಎಂಬ ಇಂಜಿನಿಯರ್ ನಡುವಿನ ದ್ವೀಪವನ್ನು ಚಿಕ್ಕದು ಮಾಡುತ್ತಾ ಮಾಡುತ್ತಾ ಮಿನಿ ರೌಂಡ್‌ಅಬೌಟ್‌ಗೆ ಬಂದರು. 1972ರಲ್ಲಿ ಸ್ವಿಂಡನ್ ಊರಿನಲ್ಲಿ ಐದು ಮಿನಿಗಳನ್ನು ಒಂದಕ್ಕೊಂದು ಜೋಡಿಸಿದ ಮ್ಯಾಜಿಕ್ ರೌಂಡ್‌ಅಬೌಟ್ ಬಂತು. ಇವತ್ತಿಗೂ ಅದು ನಡೆಯುತ್ತಿದೆ.

ಭಾರತದಲ್ಲೂ ಕಾನೂನು ಹೀಗೇ ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಒಳಗೆ ಸುತ್ತುತ್ತಿರುವ ಗಾಡಿಗೇ ಮೊದಲ ಹಕ್ಕು. ಪಾಲಿಸುವವರು ಕಡಿಮೆ, ಅದು ಬೇಸರದ ಸಂಗತಿ. ಜೊತೆಗೆ ನಮ್ಮ ಹಳೆಯ ಸರ್ಕಲ್‌ಗಳು ವಿಶಾಲ. ಲೇನ್ ಗೊತ್ತಾಗುವುದಿಲ್ಲ. ಒಂದೇ ಹೊತ್ತಿಗೆ ಬಸ್ಸು, ಆಟೋ, ಸ್ಕೂಟರ್ ಅಕ್ಕಪಕ್ಕ ನುಗ್ಗುತ್ತವೆ. ನಿಮ್ಮ ಊರಿನಲ್ಲಿ ಬರುವುದು ಒಂದೇ ಲೇನ್. ಹೊರಗಿನ ಅಂಚಿನಿಂದ ಅಂಚಿಗೆ 45ರಿಂದ 90 ಅಡಿ. ಇಬ್ಬರು ಅಕ್ಕಪಕ್ಕ ಹೋಗಲು ಜಾಗವೇ ಇರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸರಿ, ಡ್ರಾಯಿಂಗ್ ನೋಡೋಣ. ಮೊದಲನೆಯದಾಗಿ, ಒಂದು ಸ್ಕೇಲ್ ತೆಗೆದುಕೊಂಡು ಒಂದು ರಸ್ತೆಯಿಂದ ಎದುರಿನ ರಸ್ತೆಗೆ ನೇರ ಗೆರೆ ಇಡಿ. ಗೆರೆ ನಡುವಿನ ದ್ವೀಪಕ್ಕೆ ತಾಗದೇ ದಾಟಿಹೋದರೆ ಆ ವಿನ್ಯಾಸ ಬೇಡ ಎಂದೇ ಹೇಳಿ. ಚಾಲಕರು ಸ್ಟೀರಿಂಗ್ ತಿರುಗಿಸದೇ ಹೋಗುತ್ತಾರೆ. ಆಗ ನಿಮಗೆ ಉಳಿಯುವುದು ಸ್ಟಾಪ್ ಬೋರ್ಡೂ ಇಲ್ಲದ, ವೇಗವೂ ಇಳಿಯದ ಜಂಕ್ಷನ್. ಈಗಿನದ್ದಕ್ಕಿಂತ ಕೆಟ್ಟದ್ದು.

ಮಿನಿಯ ದ್ವೀಪ ಗುಮ್ಮಟದಂತೆ ಸ್ವಲ್ಪ ಎದ್ದಿರುತ್ತದೆ, ಹೆಚ್ಚೆಂದರೆ ಐದಿಂಚು. ಕಾರಿನವರು ಅದರ ಸುತ್ತ ಹೋಗಬೇಕು. ಫೈರ್ ಇಂಜಿನ್, ಶಾಲೆ ಬಸ್, ಉದ್ದ ಲಾರಿ ಅದರ ಮೇಲೇ ಹತ್ತಿ ಹೋಗಬಹುದು. ಅದಕ್ಕೆಂದೇ ಹಾಗೆ ಕಟ್ಟುವುದು. ಆದ್ದರಿಂದ ಫೈರ್ ಇಂಜಿನ್ ತಿರುಗುವುದಿಲ್ಲ ಎಂದು ಸಭೆಯಲ್ಲಿ ಯಾರಾದರೂ ಅಂದರೆ ಗಾಬರಿ ಬೇಡ. ಆದರೆ ದ್ವೀಪ ಬರೀ ಬಣ್ಣದ ವೃತ್ತ ಆಗಿರಬಾರದು. ನಾನು ಹೊಸ ಊರಿಗೆ ಹೋದರೆ ಮಿನಿ ರೌಂಡ್‌ಅಬೌಟ್ ಹತ್ತಿರ ನಿಂತು ಮೊದಲು ನೋಡುವುದು ದ್ವೀಪದ ಮೇಲಿನ ಟೈರ್ ಗುರುತು. ಅಂಚಿನಲ್ಲಿ ಬಾಗಿದ ಅಗಲ ಕಪ್ಪು ಪಟ್ಟಿ ಇದ್ದರೆ ಅದು ಲಾರಿ, ಬಸ್ಸುಗಳ ಹಿಂದಿನ ಚಕ್ರದ್ದು. ಸರಿಯಾಗೇ ಇದೆ. ನಟ್ಟನಡುವೆ ನೇರವಾಗಿ ಎರಡು ಸಣ್ಣ ಪಟ್ಟಿ ಓಡಿದ್ದರೆ ಅದು ಕಾರಿನವರದ್ದು. ಎಡಕ್ಕೆ ತಿರುಗುವ ದಾರಿಯಲ್ಲಿ ದ್ವೀಪದ ಈಚೆ ಪಕ್ಕದಲ್ಲೇ ಗುರುತು ಬಿದ್ದಿದ್ದರೆ ಜನ ಸುತ್ತು ಹಾಕದೇ ಅಡ್ಡ ಕತ್ತರಿಸುತ್ತಿದ್ದಾರೆ ಎಂದರ್ಥ. ಅದು ಬಹಳ ಅಪಾಯ, ಎದುರಿನವರು ಅದನ್ನು ನಿರೀಕ್ಷಿಸಿಯೇ ಇರುವುದಿಲ್ಲ. ನಿಮ್ಮ ಸಿಟಿಯವರು ಮಾದರಿ ಎಂದು ಪಕ್ಕದ ಊರಿನ ಹೆಸರು ಹೇಳಿದರೆ ಹೋಗಿ ಈ ಗುರುತು ನೋಡಿ ಬನ್ನಿ. ಮಿಶಿಗನ್‌ನಲ್ಲೇ ಲ್ಯಾನ್ಸಿಂಗ್ ಹತ್ತಿರದ ಡೈಮಂಡೇಲ್‌ನಲ್ಲಿ ಒಂದಿದೆ, ಅಮೆರಿಕದ ಮೊದಮೊದಲ ಮಿನಿಗಳಲ್ಲಿ ಅದೂ ಸೇರುತ್ತದೆ.

ಇನ್ನು ಮಗಳು ದಾಟುವುದು. ನಿಮ್ಮ ಅನುಮಾನ ಇಲ್ಲಿ ನ್ಯಾಯವಾದದ್ದೇ. ಎಲ್ಲರೂ ನಿಲ್ಲಲೇಬೇಕು ಎಂಬ ನಿಯಮ ಹೋಗುತ್ತದೆ. ಅದರ ಬದಲು ಏನು ಸಿಗುತ್ತದೆ ಎಂಬುದು ಪ್ರತಿ ರಸ್ತೆಯ ಬಾಯಲ್ಲಿ, ಬರುವ ಲೇನ್ ಮತ್ತು ಹೋಗುವ ಲೇನ್ ನಡುವೆ ಕಟ್ಟುವ ಪುಟ್ಟ ದ್ವೀಪದ ಮೇಲೆ ನಿಂತಿದೆ. ಅದು ಎತ್ತರಿಸಿದ್ದಾಗಿದ್ದು, ನಡುವೆ ನಿಲ್ಲಲು ಆರು ಅಡಿಯಾದರೂ ಜಾಗ ಇದ್ದರೆ ದಾಟುವುದು ಸುಲಭ. ಒಂದು ಸಲಕ್ಕೆ ಒಂದೇ ಲೇನ್, ಒಂದೇ ದಿಕ್ಕು. ಮಿನಿಗಳಲ್ಲಿ ದುಡ್ಡು ಉಳಿಸಲು, ಜಾಗ ಸಾಲದು ಎಂದು, ಇದನ್ನು ಬರೀ ಬಣ್ಣದಲ್ಲಿ ಬಳಿದು ಬಿಡುತ್ತಾರೆ. ಬಣ್ಣದ ಮೇಲೆ ಮಗು ನಿಲ್ಲಲು ಆಗುವುದಿಲ್ಲ, ಅಲ್ವಾ? ನೀವು ಒಂದೇ ಒಂದು ವಿಷಯಕ್ಕೆ ಹಟ ಹಿಡಿಯುವುದಾದರೆ ಇದಕ್ಕೆ ಹಿಡಿಯಿರಿ.

ಜೀಬ್ರಾ ಪಟ್ಟಿ ಯೀಲ್ಡ್ ಗೆರೆಯಿಂದ (ಒಳಗಿನವರಿಗೆ ದಾರಿ ಬಿಡಲು ಕಾಯುವ ಗೆರೆ) ಒಂದು ಕಾರಿನ ಉದ್ದ, ಅಂದರೆ ಇಪ್ಪತ್ತು ಅಡಿಯಷ್ಟು ಹಿಂದೆ ಇರಬೇಕು. ಆಗ ಒಂದು ಕಾರು ಮುಂದೆ ನಿಂತು ಎಡಕ್ಕೆ ನೋಡುತ್ತಿರುವಾಗ, ನಡೆಯುವವರು ಅದರ ಹಿಂದಿನಿಂದ ದಾಟಬಹುದು. ಎರಡು ಲೇನ್‌ಗಳಲ್ಲಿ ಕಷ್ಟದ್ದು ಹೋಗುವ ಲೇನ್. ಸುತ್ತುತ್ತಿರುವ ಗಾಡಿ ಈ ರಸ್ತೆಗೆ ಬರುತ್ತದೋ ಮುಂದಕ್ಕೆ ಹೋಗುತ್ತದೋ ಕೊನೇ ಗಳಿಗೆವರೆಗೆ ಗೊತ್ತಾಗುವುದಿಲ್ಲ. ಹೊರಬೀಳುವವರು ವೇಗ ಹೆಚ್ಚಿಸುವುದೂ ಅಲ್ಲೇ. ಶಾಲೆ ಕಡೆಯ ರಸ್ತೆಗಾದರೂ ಜೀಬ್ರಾವನ್ನು ಹಂಪ್‌ನಂತೆ ಎತ್ತರಿಸಿ ಕಟ್ಟಿ ಎಂದು ಕೇಳಿ. ಕಣ್ಣು ಕಾಣದವರಿಗೂ ಇದರಿಂದ ಉಪಕಾರ. ಸ್ಟಾಪ್ ಇದ್ದಾಗ ಗಾಡಿ ಬಂದು ನಿಂತ ಸದ್ದು ಕೇಳಿ ಅವರು ದಾಟುತ್ತಾರೆ. ರೌಂಡ್‌ಅಬೌಟ್‌ನಲ್ಲಿ ಆ ಸದ್ದಿನ ಸುಳಿವು ಸಿಗುವುದಿಲ್ಲ, ಹಾಗಾಗಿ ಅವರಿಗೆ ನಿಧಾನ ವೇಗವೇ ರಕ್ಷಣೆ. ಶಾಲೆ ಹೊತ್ತಿಗೆ ದಾಟಿಸುವ ಸಿಬ್ಬಂದಿ ಈಗ ಇದ್ದರೆ ಅವರನ್ನು ತೆಗೆಯಬಾರದು ಎಂದು ಬರೆಸಿಕೊಳ್ಳಿ.

ಅಪ್ಪ-ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿಕೊಡಿ. ಮೈಸೂರಿನಲ್ಲಿ ರಸ್ತೆಗೆ ಇಳಿಯುವಾಗ ಮೊದಲು ಬಲಕ್ಕೆ ನೋಡಿ ಅಭ್ಯಾಸ. ಅಲ್ಲಿ ಮೊದಲು ಎಡಕ್ಕೆ ನೋಡಬೇಕು, ನಡುವಿನ ದ್ವೀಪ ಮುಟ್ಟಿದ ಮೇಲೆ ಬಲಕ್ಕೆ. ಯಾವ ಮೂಲೆಯಿಂದ ಹೊರಟರೂ ಇದೇ ಲೆಕ್ಕ. ಎಷ್ಟೋ ವರ್ಷದ ಅಭ್ಯಾಸ ಒಂದು ದಿನಕ್ಕೆ ಹೋಗುವುದಿಲ್ಲ. ಮೊದಲ ವಾರ ಜೊತೆಗೆ ಹೋಗಿ ಬನ್ನಿ.

ಮಿಶಿಗನ್ ಅಂದ ಮೇಲೆ ಹಿಮ ಬಂದೇ ಬರುತ್ತದೆ. ಐದಿಂಚಿನ ದ್ವೀಪ ಒಂದೇ ರಾತ್ರಿಯಲ್ಲಿ ಮುಚ್ಚಿಹೋಗುತ್ತದೆ. ಹಿಮ ತಳ್ಳುವ ಗಾಡಿಯ ಅಲಗು ಅದರ ಅಂಚಿಗೆ ಬಡಿದರೆ ಕಲ್ಲು ಕಿತ್ತು ಬರುತ್ತದೆ. ರಸ್ತೆ ಬಾಯಿನ ದ್ವೀಪಗಳ ಮೇಲೆ ಎತ್ತರದ ಬೋರ್ಡ್, ಚಳಿಗಾಲಕ್ಕೆ ಗುರುತಿನ ಕೋಲು ಬೇಕು. ತಳ್ಳಿದ ಹಿಮವನ್ನು ಎಲ್ಲಿ ರಾಶಿ ಹಾಕುತ್ತಾರೆ ಎಂದೂ ಕೇಳಿ. ನಿಲ್ಲುವ ಆರು ಅಡಿ ಜಾಗದ ಮೇಲೇ ಹಾಕಿದರೆ ಕಟ್ಟಿದ್ದು ದಂಡ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೊರಡುತ್ತಾರೆ. ದೀಪದ ಕಂಬ ಜೀಬ್ರಾದ ಆಚೆ ಇದ್ದರೆ ದಾಟುವವರು ಕಪ್ಪು ನೆರಳಾಗಿ ಕಾಣುತ್ತಾರೆ. ಗಾಡಿ ಬರುವ ಕಡೆಗೆ, ಜೀಬ್ರಾಗಿಂತ ಸ್ವಲ್ಪ ಮೊದಲೇ ಕಂಬ ಇದ್ದರೆ ಮುಖದ ಮೇಲೆ ಬೆಳಕು ಬೀಳುತ್ತದೆ.

ಬೇಡ ಎನ್ನಬೇಕಾದ ಸಂದರ್ಭಗಳೂ ಇವೆ. ಒಟ್ಟು ಗಾಡಿ ದಿನಕ್ಕೆ ಸುಮಾರು 15,000 ದಾಟಿದರೆ ಮಿನಿ ಸಾಲದು. ಬರುವ ವೇಗ ಈಗಾಗಲೇ 30 ಮೈಲಿ ಮೀರಿದ್ದರೆ ಮೊದಲು ರಸ್ತೆ ಕಿರಿದು ಮಾಡಿ ಅದನ್ನು ಇಳಿಸಬೇಕು. ಅತಿ ಉದ್ದದ ಲಾರಿಗಳು ದಿನವಿಡೀ ಓಡಾಡುವ ಕಡೆಯೂ ಕಷ್ಟ. ಒಂದು ರಸ್ತೆಯಲ್ಲಿ ಭರ್ತಿ ಗಾಡಿ, ಇನ್ನೊಂದರಲ್ಲಿ ಗಂಟೆಗೆ ಹತ್ತು ಗಾಡಿ ಅನ್ನುವ ಹಾಗಿದ್ದರೆ ದೊಡ್ಡ ರಸ್ತೆಯವರಿಗೆ ಎದುರು ಯಾರೂ ಬರುವುದಿಲ್ಲ ಎಂಬ ನಂಬಿಕೆ ಬೆಳೆಯುತ್ತದೆ. ಯೀಲ್ಡ್ ಬೋರ್ಡ್ ಲೆಕ್ಕಕ್ಕೇ ಇಲ್ಲದಂತೆ ಆಗುತ್ತದೆ. ನಾಲ್ಕೂ ಕಡೆಯ ಗಾಡಿಗಳ ಎಣಿಕೆ ಸಿಟಿಯವರ ಹತ್ತಿರ ಇರಲೇಬೇಕು, ಕೇಳಿ ನೋಡಿ. ಸಿಯಾಟಲ್‌ನಲ್ಲಿ ಗಿಡ ನೆಟ್ಟ ಇಂಥ ಸಾವಿರಕ್ಕೂ ಜಾಸ್ತಿ ಇವೆ ಎಂದು ಯಾರಾದರೂ ಅನ್ನಬಹುದು. ಅವು ಮನೆಗಳ ನಡುವಿನ ಸಣ್ಣ ಬೀದಿಯ ಟ್ರಾಫಿಕ್ ಸರ್ಕಲ್‌ಗಳು, ಬೇರೆಯೇ ಜಾತಿ.

ಖರ್ಚಿನ ವಿಷಯ. ಫೆಡರಲ್ ಹೈವೇ ಅಡ್ಮಿನಿಸ್ಟ್ರೇಷನ್ 2010ರಲ್ಲಿ ಕೊಟ್ಟ ಅಂದಾಜಿನಲ್ಲಿ ಬರೀ ಬಣ್ಣ-ಬೋರ್ಡಿನದ್ದು 50,000 ಡಾಲರ್, ಎತ್ತರಿಸಿದ ದ್ವೀಪ, ನಡೆಯುವವರ ಅನುಕೂಲ ಸೇರಿದ್ದು 2,50,000 ಡಾಲರ್ ಅಥವಾ ಜಾಸ್ತಿ. ಇಂದಿನ ಬೆಲೆ ಇನ್ನೂ ಏರಿದೆ. ಈ ಎರಡರ ನಡುವಿನ ವ್ಯತ್ಯಾಸದಲ್ಲೇ ನಿಮ್ಮ ಮಗಳ ದಾರಿ ಇರುವುದು. ಅಗ್ಗದ್ದಕ್ಕೆ ಕೈ ಎತ್ತಬೇಡಿ.

ನೆರೆಯವರು ಬಹಳ ಜನ ವಿರೋಧಿಸುತ್ತಾರೆ, ಅದಕ್ಕೆ ಬೇಜಾರಾಗಬೇಡಿ. ಕಾನ್ಸಾಸ್, ಮೇರಿಲ್ಯಾಂಡ್, ನೆವಾಡದಲ್ಲಿ ಕಟ್ಟುವ ಮೊದಲು ಶೇ. 31 ಚಾಲಕರು ಪರವಾಗಿದ್ದರು, ಕಟ್ಟಿದ ಮೇಲೆ ಶೇ. 63 ಆದರು. ಇಂಡಿಯಾನಾದ ಕಾರ್ಮೆಲ್ ಊರಿನಲ್ಲಿ 1990ರ ದಶಕದಲ್ಲಿ ಶುರುವಾದ ರೌಂಡ್‌ಅಬೌಟ್‌ಗಳ ಸಂಖ್ಯೆ ಈಗ 150 ದಾಟಿದೆ.

ಸಭೆಯಲ್ಲಿ ಕೊನೆಗೆ ಎರಡು ಬೇಡಿಕೆ ಇಡಿ. ಗುದ್ದಲಿ ಬೀಳುವ ಮೊದಲು ಒಂದು ಖಾಲಿ ಪಾರ್ಕಿಂಗ್ ಜಾಗದಲ್ಲಿ ಅದೇ ಅಳತೆಗೆ ಗೆರೆ ಎಳೆದು, ಕೋನ್ ಇಟ್ಟು, ಊರಿನ ಫೈರ್ ಇಂಜಿನ್ ಮತ್ತು ಶಾಲೆ ಬಸ್ಸನ್ನು ಓಡಿಸಿ ತೋರಿಸಲಿ. ಇನ್ನೊಂದು, ಜೀಬ್ರಾ ಇರುವ ಜಾಗದಲ್ಲಿ ಈಗಿನ ಗಾಡಿಗಳ ವೇಗವನ್ನು ಈಗಲೇ ಅಳೆದಿಡಲಿ. ಕಟ್ಟಿ ಒಂದು ವರ್ಷ ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಲಿ. 20 ಮೈಲಿ ಮೀರಿದ್ದರೆ ಸರಿಪಡಿಸಲು ಬೇಕಾದ ಹಣವನ್ನು ಈ ಬಜೆಟ್‌ನಲ್ಲೇ ತೆಗೆದಿಡಬೇಕು ಎಂದು ಸಭೆಯ ನಡಾವಳಿಯಲ್ಲಿ ಬರೆಸಿ.